ಟೀಚರ ಬಲಗೈಗೆ ಒಂದು ಹಿಡಿ

ಹುಟ್ಟು ಮೂರನೇ ಸಲ ನೀರಿಗೆ ಬಿದ್ದಾಗ ಟೀಚರ್ ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ. ಹಲಗೆಯ ಮೇಲೆ ಮಂಡಿಯೂರಿ ಕುಳಿತು ತಮ್ಮ ಬಲಗೈಯನ್ನೇ ನೋಡಿಕೊಂಡರು. ಅಷ್ಟರಲ್ಲಿ ಬೆಟ್ಟದ ಕಡೆಯ ಗಾಳಿ ಹಲಗೆಯನ್ನು ಜೊಂಡಿನತ್ತ ತಳ್ಳತೊಡಗಿತ್ತು. ನಾನು ಪುಟ್ಟ ದೋಣಿಯಲ್ಲಿ ಹೋಗಿ, ತೇಲುತ್ತಿದ್ದ ಹುಟ್ಟನ್ನು ಹಿಡಿದು, ಹಲಗೆಗೆ ಹಗ್ಗ ಸಿಕ್ಕಿಸಿ ದಡಕ್ಕೆ ಎಳೆದು ತಂದೆ. ದಡಕ್ಕೆ ಇಳಿದ ಮೇಲೆ ಅವರು, "ಹಲಗೆ ಮೇಲೆ ನಿಂತ್ಕೊಳ್ಳೋದು ಬಂತಲ್ಲ, ಅರ್ಧ ಆಯ್ತು," ಎಂದರು.

ಎರಡು ಸಾವಿರದ ಒಂಬತ್ತನೇ ಇಸವಿ ಇರಬೇಕು. ನಂದಿ ಬೆಟ್ಟದ ತಪ್ಪಲಿನ ಒಂದು ಕೆರೆಯ ದಂಡೆಯಲ್ಲಿ ನಮ್ಮ ಸಾಹಸ ಶಿಬಿರ ಇತ್ತು. ಅಲ್ಲಿನ ದೋಣಿ, ಹಗ್ಗ, ಲೈಫ್ ಜಾಕೆಟ್‌ಗಳನ್ನು ನೋಡಿಕೊಳ್ಳುವುದು, ಒಡೆದದ್ದನ್ನು ಸರಿ ಮಾಡುವುದು ನನ್ನ ಕೆಲಸ. ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಬೀಳುವಷ್ಟು ತುಂಬಿತ್ತು. ಮಾಲೀಕರು ಹೊರದೇಶದಿಂದ ಎರಡು ಹೊಸ ಹಲಗೆಗಳನ್ನು ತರಿಸಿದ್ದರು. ಉದ್ದನೆಯ, ಅಗಲವಾದ, ತೇಲುವ ಹಲಗೆ. ಅದರ ಮೇಲೆ ನಿಂತು, ಆಳೆತ್ತರಕ್ಕಿಂತ ಉದ್ದವಾದ ಹುಟ್ಟಿನಿಂದ ನೀರನ್ನು ಹಿಂದಕ್ಕೆ ಎಳೆಯುತ್ತಾ ಮುಂದೆ ಹೋಗಬೇಕು. ಹುಟ್ಟಿನ ಕೋಲು ಅಲ್ಯೂಮಿನಿಯಂ. ಕೆಳತುದಿಗೆ ಎಲೆಯಂಥ ಅಲಗು, ಮೇಲ್ತುದಿಗೆ ಅಡ್ಡವಾದೊಂದು ಹಿಡಿ. ಒಂದು ಕೈ ಮೇಲಿನ ಹಿಡಿಯಲ್ಲಿ, ಇನ್ನೊಂದು ಕೋಲಿನ ನಡುವೆ. ಎಡಗಡೆ ಹುಟ್ಟು ಹಾಕುವಾಗ ಬಲಗೈ ಮೇಲೆ, ಬಲಗಡೆ ಹಾಕುವಾಗ ಎಡಗೈ ಮೇಲೆ. ಕೈ ಬದಲಾಯಿಸುತ್ತಲೇ ಇರಬೇಕು.

ಟೀಚರ್ ಶಿಡ್ಲಘಟ್ಟದ ಒಂದು ಉರ್ದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಡಿಸೆಂಬರಿನಲ್ಲಿ ಇಪ್ಪತ್ತೆರಡು ಹುಡುಗಿಯರನ್ನು ಒಂದು ದಿನದ ಶಿಬಿರಕ್ಕೆ ಕರೆತರುವವರಿದ್ದರು. ಅದಕ್ಕೂ ಮೊದಲು ತಾವೇ ಬಂದು ಎಲ್ಲವನ್ನೂ ಮಾಡಿ ನೋಡಬೇಕೆಂದು ಹಟ ಹಿಡಿದು ಬಂದಿದ್ದರು.

ನಮ್ಮ ತರಬೇತುದಾರರು ಒಳ್ಳೆಯ ಈಜುಗಾರ, ಮಿತಭಾಷಿ. ಅವರು ಟವೆಲ್ ಕೊಡುತ್ತಾ ಹೇಳಿದರು: "ಮೇಡಂ, ಅವತ್ತು ನೀವು ನಮ್ ಜೊತೆ ದೋಣೀಲಿ ಕೂತ್ಕೊಳ್ಳಿ. ಹುಡುಗೀರನ್ನ ನಾವು ನೋಡ್ಕೋತೀವಿ."

"ನಾನು ಕೂತ್ರೆ ಅವ್ರೂ ಕೂತ್ಬಿಡ್ತಾರೆ ಸರ್," ಎಂದರು ಟೀಚರ್. "ಅವ್ರ ಅಮ್ಮಂದಿರು ಒಂದೇ ಮಾತು ಹೇಳಿರೋದು. ನೀವು ನೀರಿಗೆ ಇಳಿದ್ರೆ ನಮ್ ಮಕ್ಳೂ ಇಳೀಲಿ. ಇಲ್ಲಾಂದ್ರೆ ಬೇಡ. ನೋಡೋಕೆ ಅಂತ ಅವ್ರೂ ಬರ್ತಾರೆ."

ಆಮೇಲೆ ನನ್ನ ಕಡೆ ತಿರುಗಿ ಬಲಗೈಯನ್ನು ಮುಂದೆ ಚಾಚಿದರು. ಕಿರುಬೆರಳೂ ಉಂಗುರದ ಬೆರಳೂ ಅಂಗೈಯೊಳಕ್ಕೆ ಮಡಿಸಿಕೊಂಡಿದ್ದವು. ಸುಟ್ಟ ಗಾಯ ಮಾದು, ಚರ್ಮ ಎಳೆದುಕೊಂಡು, ಬೆರಳುಗಳನ್ನು ಹಾಗೇ ಕಟ್ಟಿಹಾಕಿತ್ತು. "ಒಂಬತ್ತು ವರ್ಷ ಇದ್ದಾಗ ರೇಷ್ಮೆ ಬಿಚ್ಚೋ ಬಿಸಿನೀರು ಬಿತ್ತು. ಇವೆರಡು ಅವತ್ತಿಂದ ನನ್ನ ಮಾತು ಕೇಳಲ್ಲ. ಮಿಕ್ಕಿದ್ದು ಮೂರೂ ಕೇಳ್ತವೆ. ಈ ಹುಟ್ಟಿಗೆ ಏನಾದ್ರೂ ಮಾಡಕ್ಕಾಗುತ್ತಾ?"

ಶಿಬಿರಕ್ಕೆ ಮೂರು ವಾರ ಉಳಿದಿತ್ತು. ಗೌರಿಬಿದನೂರಿನ ಫೈಬರ್‌ಗ್ಲಾಸ್ ಘಟಕದಲ್ಲಿ ಕೆಲಸ ಕಲಿತವಳು ನಾನು. ಅಂಟು, ಅಚ್ಚು, ಅರ ಇವೆಲ್ಲ ಕೈಗೆ ಒಗ್ಗಿದ್ದವು. ಆಗುತ್ತದೆ ಎಂದುಬಿಟ್ಟೆ. ಹೇಗೆ ಎಂದು ನನಗಿನ್ನೂ ಗೊತ್ತಿರಲಿಲ್ಲ.

ಮೊದಲ ವಾರ ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಒದ್ದೆ ಕೈಯಲ್ಲಿ ಅಲ್ಯೂಮಿನಿಯಂ ಜಾರುತ್ತದೆ, ಹಾಗಾಗಿ ಜಾರದಂತೆ ಏನಾದರೂ ಸುತ್ತಬೇಕು ಎಂದುಕೊಂಡೆ. ಚಿಕ್ಕಬಳ್ಳಾಪುರದ ಆಟದ ಸಾಮಾನಿನ ಅಂಗಡಿಯಿಂದ ಕ್ರಿಕೆಟ್ ಬ್ಯಾಟಿನ ರಬ್ಬರ್ ಕವಚ ತಂದು ಕೋಲಿಗೆ ಏರಿಸಿದೆ. ಒಣಗಿದ್ದಾಗ ಬಿಗಿಯಾಗಿತ್ತು. ಹತ್ತು ನಿಮಿಷ ನೀರಿನಲ್ಲಿ ಆಡಿಸಿದರೆ ಒಳಗೆ ನೀರು ಹೊಕ್ಕು ಕವಚವೇ ಕೋಲಿನ ಸುತ್ತ ತಿರುಗುತ್ತಿತ್ತು. ಅದನ್ನು ತೆಗೆದು ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಅಂಟು ಹಾಕಿ ಸುತ್ತಿದೆ. ಅದು ನಿಂತಿತು. ಮೇಲಿನ ಅಡ್ಡ ಹಿಡಿಗೂ ಅದನ್ನೇ ಸುತ್ತಿ ದಪ್ಪ ಮಾಡಿದೆ.

ಕೈಯನ್ನೇ ಹಿಡಿಗೆ ಪಟ್ಟಿಯಿಂದ ಬಿಗಿದರೆ ಹೇಗೆ ಎಂದು ತರಬೇತುದಾರರನ್ನು ಕೇಳಿದೆ. ಅವರು ಬೇಡ ಎಂದು ತಲೆಯಾಡಿಸಿದರು. "ನೀರಲ್ಲಿ ಯಾರ ಕೈನೂ ಯಾವ್ದಕ್ಕೂ ಕಟ್ಟಬಾರ್ದು. ಬಿದ್ದಾಗ ಮೊದ್ಲು ಕೈ ಖಾಲಿ ಆಗ್ಬೇಕು. ಇದೊಂದು ಬಿಟ್ಟು ಬೇರೆ ಏನಾದ್ರೂ ಮಾಡಮ್ಮ."

ಭಾನುವಾರ ಟೀಚರ್ ಬಸ್ಸಿನಲ್ಲಿ ಬಂದರು. ಸೊಂಟದ ಮಟ್ಟದ ನೀರಿನಲ್ಲಿ ಹಲಗೆಗೆ ಹಗ್ಗ ಕಟ್ಟಿ ಹಿಡಿದುಕೊಂಡೆ. ಎಡಗಡೆ ಹುಟ್ಟು ಹಾಕಿದಾಗ ಪರವಾಗಿಲ್ಲ ಅನ್ನಿಸಿತು. ಕೈ ಬದಲಾಯಿಸಿ ಬಲಗೈ ಕೋಲಿನ ಮೇಲೆ ಬಂದ ಕೂಡಲೇ ಕೋಲು ಮೂರು ಬೆರಳುಗಳ ನಡುವೆ ತಿರುಗಿ, ಅಲಗು ಓರೆಯಾಗಿ ನೀರನ್ನು ಸೀಳಿಕೊಂಡು ಹೋಯಿತು. ಮತ್ತೆ ಬದಲಾಯಿಸಿದರು, ಮತ್ತೆ ಅದೇ. ಅರ್ಧ ಗಂಟೆ ಅವರು ನಿಲ್ಲಿಸಲಿಲ್ಲ. ಕೊನೆಗೆ ಮೇಲಿನ ಹಿಡಿಯ ಕಪ್ಪು ರಬ್ಬರಿನ ಮೇಲೆ ಕೆಂಪು ನೀರು ಇಳಿಯುವುದನ್ನು ನೋಡಿ ನಾನೇ ಹಗ್ಗ ಎಳೆದೆ. ನಾನು ಹಿಡಿಯನ್ನು ದಪ್ಪ ಮಾಡಿದ್ದರಿಂದ ಮಡಿಸಿದ ಬೆರಳುಗಳು ಅಂಗೈಗೂ ಹಿಡಿಗೂ ನಡುವೆ ಸಿಕ್ಕಿ ಉಜ್ಜಿದ್ದವು. ಮಾದ ಗಾಯದ ತೆಳು ಚರ್ಮ ಕಿತ್ತುಹೋಗಿತ್ತು.

"ಮೊದ್ಲೇ ಹೇಳ್ಬಾರ್ದಿತ್ತಾ ಟೀಚರ್?"

"ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ."

ಡಬ್ಬಿಯಿಂದ ಹತ್ತಿ, ಪಟ್ಟಿ ತಂದು ಕಟ್ಟಿದೆ. ನನಗೆ ನಾಚಿಕೆಯಾಗಿತ್ತು. ಅವರ ಕೈಯನ್ನು ನಾನು ಒಂದೇ ಒಂದು ಸಲ, ಅದೂ ಮೇಲುಮೇಲೆ ನೋಡಿ, ಅಂಗಡಿಗೆ ಓಡಿದ್ದೆ. ಹುಟ್ಟನ್ನು ಮಾತ್ರ ಅಳತೆ ಮಾಡಿದ್ದೆ, ಕೈಯನ್ನಲ್ಲ. ಬುಧವಾರ ನಿಮ್ಮ ಮನೆಗೇ ಬರುತ್ತೇನೆ, ಕೈಯ ಅಚ್ಚು ತೆಗೆದುಕೊಳ್ಳಬೇಕು ಎಂದೆ.

ಶಿಡ್ಲಘಟ್ಟದಲ್ಲಿ ಅವರ ಮನೆ ಇದ್ದ ಬೀದಿಗೆ ಕಾಲಿಟ್ಟರೆ ಬೆಂದ ರೇಷ್ಮೆಗೂಡಿನ ವಾಸನೆ. ಮನೆಯ ಹಿಂದೆಯೇ ಅವರ ಅಣ್ಣನ ನೂಲು ಬಿಚ್ಚಾಣಿಕೆ ನಡೆಯುತ್ತಿತ್ತು. ಅಚ್ಚಿಗೆಂದು ನಾನು ಜೇಡಿಮಣ್ಣು ಒಯ್ದಿದ್ದೆ. ಗಾಯದ ಕೈಗೆ ಮಣ್ಣು ಹಾಕುತ್ತೀರಾ ಎಂದು ಅವರ ತಾಯಿ ಒಪ್ಪಲಿಲ್ಲ. ಚಪಾತಿ ಹಿಟ್ಟನ್ನೇ ಗಟ್ಟಿಯಾಗಿ ಕಲಸಿ ತಂದುಕೊಟ್ಟರು. ಟೀಚರ್ ಅದನ್ನು ಅದುಮಿದರು. ಹೆಬ್ಬೆರಳಿನ ಬುಡದಲ್ಲಿ ಆಳವಾದ ಗುಳಿ, ತೋರುಬೆರಳು, ನಡುಬೆರಳುಗಳ ಸ್ಪಷ್ಟ ಗುರುತು, ಮಡಿಸಿದ ಎರಡರ ಗೆಣ್ಣುಗಳು ಒತ್ತಿದಲ್ಲಿ ಒಂದು ಹಳ್ಳ. ನಾನು ಅಚ್ಚನ್ನು ಒಣಗಲಿಟ್ಟು ಟೀಗೆ ಕಾಯುತ್ತಾ ಹಿತ್ತಲಿಗೆ ಹೋದೆ.

ಅಣ್ಣ ಬಿಸಿನೀರಿನ ಮುಂದೆ ಕುಳಿತು ಗೂಡುಗಳಿಂದ ಎಳೆ ಹಿಡಿದು ಕೊಡುತ್ತಿದ್ದರು. ಅತ್ತಿಗೆ ಎದುರಿಗೆ ಚರಕ ತಿರುಗಿಸುತ್ತಿದ್ದವರು ಟೀ ಮಾಡಲು ಎದ್ದರು. ಟೀಚರ್ ನನ್ನೊಂದಿಗೆ ಮಾತಾಡುತ್ತಲೇ ಆ ಜಾಗದಲ್ಲಿ ಕುಳಿತು, ಬಲಗೈಯಿಂದ ಚರಕ ತಿರುಗಿಸತೊಡಗಿದರು. ಮಾತು ಹುಡುಗಿಯರ ಪರೀಕ್ಷೆಯ ಬಗ್ಗೆ ಇತ್ತು. ನನ್ನ ಕಿವಿ ಅತ್ತ ಇರಲಿಲ್ಲ. ಆ ಕೈ ಚರಕದ ಹಿಡಿಯನ್ನು ಹಿಡಿದೇ ಇರಲಿಲ್ಲ. ತಳ್ಳುವಾಗ ಅಂಗೈಯ ಬುಡ ಒತ್ತುತ್ತಿತ್ತು, ಎಳೆಯುವಾಗ ಹೆಬ್ಬೆರಳೂ ತೋರುಬೆರಳೂ ಕೊಕ್ಕೆಯಂತೆ ಸಿಕ್ಕುತ್ತಿದ್ದವು. ಮಡಿಸಿದ ಬೆರಳುಗಳು ಒಂದು ಪಕ್ಕಕ್ಕೆ, ಯಾವುದನ್ನೂ ಮುಟ್ಟದೆ ಸುಮ್ಮನೆ ಇದ್ದವು. ಚರಕ ಒಂದೇ ವೇಗದಲ್ಲಿ ಸುತ್ತುತ್ತಿತ್ತು.

"ಟೀಚರ್, ಕೈ ನೋಯಲ್ವಾ?"

"ಇದಕ್ಯಾಕೆ ನೋಯುತ್ತೆ? ಇದನ್ನ ಹಿಡಿಯೋ ಹಂಗೇ ಇಲ್ವಲ್ಲ. ಒತ್ತೋದು ಅಷ್ಟೇ."

ಮೇಲಿನ ಕೈ ಒತ್ತುತ್ತದೆ, ಕೆಳಗಿನ ಕೈ ಎಳೆಯುತ್ತದೆ. ಹುಟ್ಟು ಹಾಕುವ ಕೆಲಸವೂ ಅಷ್ಟೇ. ತರಬೇತುದಾರರು ಪ್ರತಿ ತಂಡಕ್ಕೂ ಅದನ್ನೇ ಹೇಳುವುದನ್ನು ನಾನು ನೂರು ಸಲ ಕೇಳಿದ್ದೆ. ಹಾಗಿದ್ದರೆ ಬಲಗೈ ಯಾವಾಗಲೂ ಮೇಲೇ ಇರಲಿ. ಎಡಗೈ ಯಾವಾಗಲೂ ಕೆಳಗೇ ಇರಲಿ. ಕೈ ಬದಲಾಯಿಸುವುದೇ ಬೇಡ. ಒಂದೇ ಹುಟ್ಟಿನಲ್ಲಿ ಎರಡೂ ಕೈಗೆ ಸರಿಹೋಗುವ ಹಿಡಿ ಮಾಡಲು ಹೋಗಿ ನಾನು ಒಂದು ವಾರ ಕಳೆದಿದ್ದೆ.

ಆದರೆ ಅದಕ್ಕೆ ಮೇಲಿನ ಅಡ್ಡ ಹಿಡಿಯನ್ನು ಕೊಯ್ದು ತೆಗೆದು, ಅವರ ಅಂಗೈ ಒತ್ತಲು ಹೊಂದುವ ಬೇರೆ ಹಿಡಿ ಕೂರಿಸಬೇಕಿತ್ತು. ಕೊಯ್ದದ್ದನ್ನು ಮತ್ತೆ ಕೂಡಿಸಲಾಗುವುದಿಲ್ಲ. ನಮ್ಮಲ್ಲಿ ಇದ್ದದ್ದು ಎರಡೇ ಹುಟ್ಟು.

ಶಿಬಿರದ ವ್ಯವಸ್ಥಾಪಕರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. "ಕೆಟ್ಟೋದ್ರೆ ಇನ್ನೊಂದು ಬರೋಕೆ ಎರಡು ತಿಂಗಳಾಗುತ್ತೆ. ಒಬ್ರಿಗೋಸ್ಕರ ಹೊಸ ಸಾಮಾನು ಕೊಯ್ಯೋದಾ? ಅವ್ರು ಒಂದು ದಿನ ಬಂದು ಹೋಗ್ತಾರಮ್ಮ."

"ಅವ್ರು ಬರದಿದ್ರೆ ಇಪ್ಪತ್ತೆರಡು ಜನ ಬರಲ್ಲ ಸರ್. ಕೆಟ್ರೆ ನಾನು ಕೆಡಿಸ್ದೆ ಅಂತ ಬರ್ದು ಕೊಡ್ತೀನಿ."

ಅವರು ತರಬೇತುದಾರರ ಮುಖ ನೋಡಿದರು. ತರಬೇತುದಾರರು, "ಕೈ ಬದಲಾಯಿಸ್ದೆ ಹಾಕೋದು ನಾನು ಯಾರ್ಗೂ ಕಲಿಸಿಲ್ಲ," ಎಂದಷ್ಟೇ ಹೇಳಿ ಹೊರಗೆ ಹೋದರು. ನನಗೆ ನಿರಾಸೆಯಾಯಿತು. ಕಿಟಕಿಯಿಂದ ನೋಡಿದರೆ, ಅವರು ತಮ್ಮ ಬಲಗೈಯ ಎರಡು ಬೆರಳುಗಳನ್ನು ಮಡಿಸಿ ಪ್ಲಾಸ್ಟರ್ ಸುತ್ತಿಕೊಳ್ಳುತ್ತಿದ್ದರು. ಒಂದು ಗಂಟೆ ಕೆರೆಯಲ್ಲಿ ಇದ್ದು ಒದ್ದೆ ಬಟ್ಟೆಯಲ್ಲೇ ಒಳಗೆ ಬಂದರು. "ಆಗುತ್ತೆ. ಎಡಗಡೆನೇ ಹಾಕ್ತಾ ಹೋದ್ರೆ ಹಲಗೆ ಬಲಕ್ಕೆ ಹೊರಳುತ್ತೆ. ಪ್ರತಿ ಎಳೆತದ ಕೊನೇಲಿ ಮೇಲಿನ ಕೈನ ಹೆಬ್ಬೆರಳು ಕೆಳಗೆ ಮಾಡಿ ಅಲಗನ್ನ ಹೊರಕ್ಕೆ ತಿರುಗಿಸ್ಬೇಕು, ನೇರ ಆಗುತ್ತೆ. ಎಡಕ್ಕೆ ಜೋರಾಗಿ ತಿರುಗ್ಬೇಕು ಅಂದ್ರೆ, ಹುಟ್ಟನ್ನ ಹಲಗೆ ಮೂತಿ ದಾಟಿಸಿ ಆಕಡೆ ಹಾಕ್ಬೇಕು. ಕೊಯ್ಯಲಿ ಸರ್."

ಗುರುವಾರ ಬೆಳಿಗ್ಗೆ ಹುಟ್ಟನ್ನು ಬೆಂಚ್ ವೈಸಿಗೆ ಬಿಗಿದು, ಹಿಡಿಯ ಕೆಳಗೆ ಎರಡು ಬೆರಳು ಬಿಟ್ಟು ಗುರುತು ಹಾಕಿದೆ. ಗರಗಸ ಇಟ್ಟು ಒಂದೇ ಉಸಿರಿಗೆ ಕೊಯ್ದೆ.

ಚಿಂತಾಮಣಿಯಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆಯುವ ಆಚಾರಿಯೊಬ್ಬರಿದ್ದರು. ಹಗುರ ಇರಬೇಕು, ನೀರಿಗೆ ಬಿರಿಯಬಾರದು ಎಂದಾಗ ಹೊಲದ ಬದುವಿನಲ್ಲಿ ಬೆಳೆದಿದ್ದ ಹಳೆಯ ಹಿಪ್ಪುನೇರಳೆ ಮರದ ಒಣ ತುಂಡೊಂದನ್ನು ಒಳಗಿನಿಂದ ತಂದರು. ಲೇತಿಗೆ ಕೊಟ್ಟು ಅರ್ಧ ಗಂಟೆಯಲ್ಲಿ ಅಂಗೈ ತುಂಬುವ ಗುಂಡು ಮಾಡಿಕೊಟ್ಟರು. ಕೋಲಿನೊಳಗೆ ಇಳಿಯಲು ಕೆಳಗೆ ಒಂದು ಗೂಟ. ಚೆನ್ನಾಗಿತ್ತು, ನುಣುಪಾಗಿತ್ತು. ನಾನು ಅದನ್ನು ಕೋಲಿಗೆ ತಾತ್ಕಾಲಿಕವಾಗಿ ಸೇರಿಸಿ ಕೆರೆಯಲ್ಲಿ ನೋಡಿದೆ. ಒತ್ತುವುದಕ್ಕೆ ಸುಖ. ಆದರೆ ಎಳೆತದ ಕೊನೆಯಲ್ಲಿ ಅಲಗನ್ನು ತಿರುಗಿಸಲು ಹೋದರೆ ಅಂಗೈ ಮಾತ್ರ ಗುಂಡಿನ ಮೇಲೆ ಜಾರಿ ತಿರುಗಿತು, ಅಲಗು ಇದ್ದಲ್ಲೇ ಇತ್ತು.

ಮರುದಿನ ಮತ್ತೆ ಚಿಂತಾಮಣಿಗೆ ಹೋದೆ. ಆಚಾರಿ ಚಪಾತಿ ಹಿಟ್ಟಿನ ಅಚ್ಚನ್ನು ಈ ಸಲ ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. "ಈ ಕೈ ಎವರಿದಿ? ಯಾರ್ದು?"

ಹೇಳಿದೆ.

"ನಿನ್ನೇನೇ ಇದು ತೋರ್ಸಿದ್ರೆ ನಾನು ಲೇತೇ ಹಾಕ್ತಿರ್ಲಿಲ್ಲ ಕಣಮ್ಮ. ಲೇತಲ್ಲಿ ಗುಂಡಗಿರೋದೇ ಬರ್ತದೆ. ನಿಂಗೆ ಬೇಕಾಗಿರೋದು ಗುಂಡು ಕಾದು, ಗುಂಡಲ್ಲ. ಕೂತ್ಕೋ."

ಅವರು ಉಳಿಯಿಂದ ಒರಟಾಗಿ ಕೆತ್ತಿದರು, ನಾನು ಅರದಿಂದ ಉಜ್ಜಿದೆ. ಮೇಲೆ ಅಂಗೈ ಬುಡ ಕೂರುವಂತೆ ಅಗಲವಾದ ಬೆನ್ನು. ಎಡಪಕ್ಕಕ್ಕೆ ಹೆಬ್ಬೆರಳು ಒರಗಲು ಒಂದು ಮೆಟ್ಟಿಲು. ಅಲಗನ್ನು ತಿರುಗಿಸುವ ಬಲವೆಲ್ಲ ಅಲ್ಲಿಂದ ಬರಬೇಕು. ಮುಂದೆ ಎರಡು ಬೆರಳುಗಳಿಗೆ ತಗ್ಗು. ಬಲಪಕ್ಕವನ್ನು ಪೂರ್ತಿ ಕೆತ್ತಿ ಖಾಲಿ ಬಿಟ್ಟೆವು, ಮಡಿಸಿದ ಬೆರಳುಗಳು ಗಾಳಿಯಲ್ಲಿ ಇರಲಿ ಎಂದು. ನೋಡಲು ಅದು ಯಾವ ವಸ್ತುವಿನ ಹಾಗೂ ಇರಲಿಲ್ಲ. ಆಚಾರಿ ಅದನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, "ನಂಗೆ ಸರಿ ಬರ್ತಾ ಇಲ್ಲ. ಅಂದ್ಮೇಲೆ ಸರಿಯಾಗೈತೆ," ಎಂದರು.

ಎಡಗೈಯ ಕೆಲಸ ಸುಲಭ. ಕೋಲು ದುಂಡಗಿದ್ದರೆ ಅಲಗು ಯಾವ ಕಡೆ ಮುಖ ಮಾಡಿದೆ ಎಂದು ಕೈಗೆ ತಿಳಿಯುವುದಿಲ್ಲ. ಕೋಲಿನ ಮುಂದೊಂದು ಹಿಂದೊಂದು ಬಿದಿರಿನ ತೆಳು ಸೀಳು ಅಂಟಿಸಿ ಮೊಟ್ಟೆಯಾಕಾರ ಮಾಡಿದೆ. ಅದರ ಮೇಲೆ ತೆಳು ಹುರಿಯನ್ನು ಒಂದೊಂದು ಬೆರಳು ಅಂತರ ಬಿಟ್ಟು ಸುತ್ತಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ಬಿಸಿ ತಾಗಿದರೆ ಮುದುಡುವ ಕೊಳವೆಯನ್ನು ಏರಿಸಿ ಕಾಯಿಸಿದೆ. ಅದು ಚರ್ಮದಂತೆ ಕಚ್ಚಿಕೊಂಡಿತು. ನೀರು ಒಳಗೆ ಹೋಗಲು ಸಂದೇ ಇರಲಿಲ್ಲ.

ಹಿಡಿಯನ್ನು ಎಪಾಕ್ಸಿ ಅಂಟಿನಿಂದ ಕೋಲಿಗೆ ಕೂರಿಸಿ ಎರಡು ದಿನ ಬಿಟ್ಟೆ. ಮಂಗಳವಾರ, ಶಿಬಿರಕ್ಕೆ ನಾಲ್ಕು ದಿನ ಇದ್ದಾಗ, ಟೀಚರ್ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದರು. ಹಿಡಿಯ ಮೇಲೆ ಕೈ ಇಟ್ಟ ಕೂಡಲೇ ಅವರು ನನ್ನನ್ನು ನೋಡಿದರು. ಹಲಗೆ ಏರಿ, ತರಬೇತುದಾರರು ತೋರಿಸಿಕೊಟ್ಟಂತೆ ಎಡಗಡೆಯೇ ಹತ್ತು, ಹದಿನೈದು, ಇಪ್ಪತ್ತು ಎಳೆತ ಎಳೆದರು. ಹಲಗೆ ನೇರ ಹೋಯಿತು. ಎಡಕ್ಕೆ ಹೊರಳಲೆಂದು ಹುಟ್ಟನ್ನು ಆಚೆ ಬದಿಗೆ ದಾಟಿಸಿ ಜೋರಾಗಿ ಒತ್ತಿದಾಗ ಹಿಡಿ ಕಿತ್ತು ಅವರ ಕೈಯಲ್ಲೇ ಉಳಿಯಿತು. ಕೋಲು ನೀರಿಗೆ ಬಿತ್ತು, ಹಿಂದೆಯೇ ಅವರೂ ಬಿದ್ದರು.

ತಪ್ಪು ನನ್ನದೇ. ಡಿಸೆಂಬರಿನಲ್ಲಿ ಬೆಟ್ಟದ ಬುಡದ ಚಳಿಗೆ ಎಪಾಕ್ಸಿ ಗಟ್ಟಿಯಾಗುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಬೆಲ್ಲದ ಪಾಕದ ಹಾಗಿತ್ತು. ಕಾರ್ಖಾನೆಯಲ್ಲಿದ್ದಾಗ ಬಿಸಿ ಕೋಣೆ ಇತ್ತು, ಅದರ ಬಗ್ಗೆ ಯೋಚಿಸುವ ಪ್ರಮೇಯವೇ ಇರಲಿಲ್ಲ. ಟೀಚರ್ ದಡಕ್ಕೆ ಬಂದು ತಲೆಯ ಮೇಲಿನ ಒದ್ದೆ ದುಪಟ್ಟಾ ಹಿಂಡುತ್ತಾ, "ಅಂಟು ಯಾಕೆ ಹಿಡೀಲಿಲ್ಲ?" ಎಂದು ಪಾಠ ಕೇಳುವವರಂತೆ ಕೇಳಿದರು. ಹೇಳಿದೆ. "ಹಂಗಾದ್ರೆ ಬಿಸಿ ಕೊಡಿ. ಶಿಡ್ಲಘಟ್ಟದಲ್ಲಿ ನಾವು ಎಲ್ಲಾದಕ್ಕೂ ಬಿಸಿನೇ ಕೊಡೋದು."

ಹಳೆಯ ಅಂಟನ್ನೆಲ್ಲ ಕೆರೆದು ತೆಗೆದು, ಕೋಲಿನ ಒಳಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ, ಹೊಸ ಅಂಟು ಹಾಕಿದೆ. ಈ ಸಲ ಅಂಟೊಂದನ್ನೇ ನಂಬದೆ, ಕೋಲು ಮತ್ತು ಗೂಟ ಎರಡನ್ನೂ ತೂರಿ ಹೋಗುವಂತೆ ತುಕ್ಕು ಹಿಡಿಯದ ಅಡ್ಡ ಮೊಳೆಯೊಂದನ್ನು ಹೊಡೆದೆ. ಕೂರಿಸುವಾಗ ಅಲಗನ್ನು ನೆಲಕ್ಕೆ ಮಟ್ಟವಾಗಿಟ್ಟು, ಹೆಬ್ಬೆರಳಿನ ಮೆಟ್ಟಿಲು ಅದಕ್ಕೆ ಸಾಲಾಗಿದೆಯೇ ಎಂದು ದಾರ ಹಿಡಿದು ನೋಡಿದೆ. ಆಮೇಲೆ ಶಿಬಿರದ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೋಡೆಗೆ ಹುಟ್ಟನ್ನು ನಿಲ್ಲಿಸಿದೆ. ಅಡುಗೆಯವರು ಎರಡು ದಿನ ಅದನ್ನು ಸುತ್ತುಹಾಕಿಕೊಂಡೇ ಓಡಾಡಿದರು. ಶುಕ್ರವಾರ ಉಗುರಿನಿಂದ ಅಂಟನ್ನು ಒತ್ತಿದೆ. ಗುರುತು ಬೀಳಲಿಲ್ಲ. ತರಬೇತುದಾರರು ಹುಟ್ಟಿನ ಎರಡೂ ತುದಿಗಳನ್ನು ಹಿಡಿದು ಬಲ ಹಾಕಿ ತಿರುಚಿದರು. "ಇದು ಇನ್ನು ಕಿತ್ತು ಬರಲ್ಲ," ಎಂದರು.

ಶನಿವಾರ ಎರಡು ವ್ಯಾನುಗಳಲ್ಲಿ ಹುಡುಗಿಯರು ಬಂದರು. ಹಿಂದಿನ ವ್ಯಾನಿನಲ್ಲಿ ಏಳೆಂಟು ತಾಯಂದಿರು. ಅವರು ಕೆರೆ ಏರಿಯ ಮೇಲೆ ಜಮಖಾನ ಹಾಸಿ ಸಾಲಾಗಿ ಕುಳಿತರು. ತಿಂಡಿ ಡಬ್ಬಿ ಯಾರೂ ತೆರೆಯಲಿಲ್ಲ.

ಏರಿಯಿಂದ ಎದುರಿನ ಬಂಡೆಗೆ ಇನ್ನೂರು ಗಜ ಇರಬಹುದು. ಟೀಚರ್ ಜಾಕೆಟ್ ಬಿಗಿದುಕೊಂಡು, ದುಪಟ್ಟಾ ಸುತ್ತಿ ಪಿನ್ ಹಾಕಿ ಹಲಗೆ ಏರಿದರು. ತರಬೇತುದಾರರು ಇನ್ನೊಂದು ಹಲಗೆಯಲ್ಲಿ ಪಕ್ಕಕ್ಕೆ, ನಾನು ಹಿಂದೆ ದೋಣಿಯಲ್ಲಿ. ಮೊದಲ ನೂರು ಗಜ ಸರಾಗ. ನಡು ಕೆರೆಯಲ್ಲಿ ಗಾಳಿ ಎದ್ದು ಹಲಗೆಯ ಮೂತಿಯನ್ನು ಬಲಕ್ಕೆ ತಿರುಗಿಸಿತು. ಅವರು ಹುಟ್ಟನ್ನು ಆಚೆಗೆ ದಾಟಿಸಿದರು, ಒಂದು ಎಳೆತ, ಎರಡು. ಮೂರನೆಯದಕ್ಕೆ ಕಾಲು ಜಾರಿ ಬಿದ್ದರು. ಏರಿಯ ಮೇಲಿಂದ ಒಂದು ಹೆಂಗಸಿನ ಧ್ವನಿ ಕೇಳಿಸಿತು. ನಾನು ದೋಣಿಯನ್ನು ಮುಂದೆ ಬಿಡಲು ಹೊರಟೆ. ತರಬೇತುದಾರರು ಬೇಡ ಎಂದು ಕೈ ತೋರಿದರು.

ಟೀಚರ್ ಮೇಲೆ ಬಂದು ಕೆಮ್ಮಿದರು. ಹುಟ್ಟು ಎರಡು ಮಾರು ದೂರದಲ್ಲಿ ತೇಲುತ್ತಿತ್ತು. ಅದನ್ನು ಹೋಗಿ ತಂದರು, ಹಲಗೆಯ ಮೇಲೆ ಅಡ್ಡ ಇಟ್ಟರು, ಹೊಟ್ಟೆ ಊರಿ ಹತ್ತಿದರು, ಮಂಡಿಯೂರಿದರು, ಎದ್ದು ನಿಂತರು. ಬಲಗೈ ತಾನಾಗಿಯೇ ಹಿಡಿಯ ಮೇಲೆ ಹೋಗಿ ಕೂತಿತು, ನೋಡಿಕೊಳ್ಳಲಿಲ್ಲ. ಗಾಳಿ ಹಾಗೇ ಇತ್ತು. ಅವರು ಆಚೆ ಬದಿಗೆ ದಾಟಿಸಿ ಆರು ಎಳೆತ ಎಳೆದರು, ಎಣಿಸಿದ್ದು ನನಗೆ ನೆನಪಿದೆ. ಮೂತಿ ಬಂಡೆಯ ಕಡೆ ತಿರುಗಿತು.

ಬಂಡೆ ಮುಟ್ಟಿ ಅವರು ವಾಪಸ್ ಬರುವಷ್ಟರಲ್ಲಿ ತಾಯಂದಿರು ನೀರಿನಂಚಿಗೆ ಇಳಿದು ಬಂದಿದ್ದರು. ಅವರಲ್ಲೊಬ್ಬರು ಟೀಚರ ಬಲಗೈಯನ್ನು ತೆಗೆದುಕೊಂಡು ತಮ್ಮ ಸೆರಗಿನಿಂದ ಒರೆಸಿ ನೋಡಿದರು. ಅಂಗೈ ಕೆಂಪಗಾಗಿತ್ತು, ಎಲ್ಲಿಯೂ ಕಿತ್ತಿರಲಿಲ್ಲ. ಹುಡುಗಿಯರು ಆಗಲೇ ಜಾಕೆಟ್‌ಗಳಿಗೆ ಕಿತ್ತಾಡುತ್ತಿದ್ದರು.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ಟೀಚರ ಹುಟ್ಟನ್ನೇ ಎತ್ತಿಕೊಂಡು ಹಲಗೆಯ ಮೇಲೆ ನಿಂತಳು. ಹಿಡಿಯನ್ನು ಹೀಗೆ ಹಿಡಿದು ನೋಡಿದಳು, ಹಾಗೆ ಹಿಡಿದು ನೋಡಿದಳು. ಹೆಬ್ಬೆರಳಿನ ಮೆಟ್ಟಿಲು ಅವಳಿಗೆ ಅಡ್ಡ ಬಂತು, ಖಾಲಿ ಬಿಟ್ಟ ಪಕ್ಕದಲ್ಲಿ ಅವಳ ಬೆರಳುಗಳಿಗೆ ಹಿಡಿಯಲು ಏನೂ ಸಿಗಲಿಲ್ಲ.

"ಟೀಚರ್, ಈ ಹುಟ್ಟು ಸರಿ ಇಲ್ಲ. ಕೈಗೇ ಕೂರ್ತಿಲ್ಲ," ಎಂದಳು.

ಟೀಚರ್ ನೀರಿಗಿಳಿದು ಅವಳ ಬಳಿ ನಡೆದು ಹೋಗಿ, ಬಲಗೈ ಚಾಚಿದರು.

"ಅದು ನಂದು," ಎಂದರು. "ನೀನು ಆ ಇನ್ನೊಂದು ತಗೋ."